ಜಲವರ್ಣ ಕೆಸರಾಗುವುದು ವಯಸ್ಸಿನಿಂದಲ್ಲ

ಪ್ರಶ್ನೆ: ನನಗೀಗ 61 ವರ್ಷ, ಊರು ಹುಬ್ಬಳ್ಳಿ. ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ 34 ವರ್ಷ ಯಂತ್ರಭಾಗಗಳ ನಕ್ಷೆ ತೆಗೆಯುವ ಕೆಲಸ ಮಾಡಿ ಕಳೆದ ವರ್ಷ ನಿವೃತ್ತನಾದೆ. ಮೊದಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆವು; ತಪ್ಪಿದರೆ ಬ್ಲೇಡಿನಿಂದ ಕೆರೆದು ತಿದ್ದುತ್ತಿದ್ದೆವು. ಏಳು ತಿಂಗಳಿನಿಂದ ಜಲವರ್ಣ ಕಲಿಯುತ್ತಿದ್ದೇನೆ. ಮಗಳು ಕೊಡಿಸಿದ 24 ಬಣ್ಣಗಳ ಡಬ್ಬಿ ಇದೆ, ಮಕ್ಕಳ ಡ್ರಾಯಿಂಗ್ ಪುಸ್ತಕದಲ್ಲಿ ಬಿಡಿಸುತ್ತೇನೆ. ಉಣಕಲ್ ಕೆರೆಯನ್ನು ಎಂಟು ಸಲ ಬಿಡಿಸಿದೆ. ಎಂಟು ಸಲವೂ ನೀರು ಕೆಸರಾಯಿತು, ಹಾಳೆ ಹಪ್ಪಳದಂತೆ ಉಬ್ಬಿತು. ಐದು ತಿಂಗಳ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದ್ದೇನೆ, ಎಡಗಣ್ಣಿನದು ಬಾಕಿ ಇದೆ. ಸಣ್ಣ ಗೆರೆ ಎಳೆಯುವಾಗ ಕೈ ತುಸು ನಡುಗುತ್ತದೆ. ಜಲವರ್ಣ ಎಲ್ಲಕ್ಕಿಂತ ಕಠಿಣ, ಅದರಲ್ಲಿ ತಪ್ಪನ್ನು ತಿದ್ದಲು ಬರುವುದಿಲ್ಲ, ಅದನ್ನು ಎಳೆಯ ವಯಸ್ಸಿನಲ್ಲೇ ಕಲಿಯಬೇಕು, ಅಕ್ರಿಲಿಕ್ ಹಿಡಿಯಿರಿ ಎಂದು ಸ್ನೇಹಿತರು ಹೇಳುತ್ತಾರೆ. ತಿಂಗಳಿಗೆ 1,500 ರೂಪಾಯಿ ತೆಗೆದಿಡಬಲ್ಲೆ. ನಾಲ್ಕು ವರ್ಷದ ಮೊಮ್ಮಗಳು ಪಕ್ಕದಲ್ಲೇ ಕೂರುತ್ತಾಳೆ, ಬಣ್ಣಗಳಲ್ಲಿ ವಿಷ ಇರುತ್ತದೆಯೇ? ನಾನು ಮುಂದುವರಿಯಬೇಕೋ, ಬಿಡಬೇಕೋ?

ಉತ್ತರ: ಪತ್ರದ ಜೊತೆ ನೀವು ಕಳಿಸಿದ ಮೂರು ಚಿತ್ರಗಳನ್ನು ಬಹಳ ಹೊತ್ತು ನೋಡಿದೆ. ನಿಮ್ಮ ಪ್ರಶ್ನೆಯಲ್ಲಿ ಹಾಳೆ, ಬಣ್ಣ, ಕಣ್ಣು, ಕೈ ಎಂದು ಹಲವು ಸಂಗತಿಗಳಿದ್ದರೂ ಅವೆಲ್ಲವುಗಳ ಹಿಂದೆ ಇರುವ ಆತಂಕ ಒಂದೇ: ಈ ಕೆಸರು ವಯಸ್ಸಿನಿಂದ ಬಂದದ್ದೋ, ಅಂದರೆ ಇನ್ನು ಹೋಗದ್ದೋ, ಅಥವಾ ಕಲಿತರೆ ಹೋಗುವಂಥದ್ದೋ ಎಂಬುದು. ಇದಕ್ಕೆ ಉತ್ತರ ನಿಮ್ಮ ಮೂರನೆಯ ಚಿತ್ರದಲ್ಲೇ ಇದೆ. ಅದರ ಎಡ ಮೇಲ್ಮೂಲೆಯಲ್ಲಿ, ಮರದ ಟೊಂಗೆಯ ಆಚೆ, ಎರಡು ಬೆರಳಿನಷ್ಟು ಅಗಲದ ಆಕಾಶ ತಿಳಿಯಾಗಿ ಉಳಿದಿದೆ. ನೀಲಿಯ ಕೆಳಗಿನಿಂದ ಹಾಳೆಯ ಬಿಳುಪು ಹೊಳೆಯುತ್ತಿದೆ. ಅಲ್ಲಿ ನೀವು ಕುಂಚವನ್ನು ಒಂದೇ ಸಲ ಆಡಿಸಿ ಮುಂದೆ ಹೋಗಿದ್ದೀರಿ. ಉಳಿದ ಕಡೆಯಲ್ಲೆಲ್ಲ ಮೂರು ನಾಲ್ಕು ಸಲ ಹಿಂದಿರುಗಿ ತಿದ್ದಿದ ಗುರುತುಗಳಿವೆ. ಆ ತುಂಡು ಆಕಾಶವನ್ನು ಬಿಡಿಸಿದ್ದೂ ಇದೇ ಕೈ, ಇದೇ ಕಣ್ಣು, ಇದೇ ವಯಸ್ಸು.

ವಯಸ್ಸಿನ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. 1861ರಲ್ಲಿ ಹುಟ್ಟಿದ ರವೀಂದ್ರನಾಥ ಟ್ಯಾಗೋರರು ಚಿತ್ರಕಲೆಗೆ ಗಂಭೀರವಾಗಿ ತೊಡಗಿದ್ದು ಅರವತ್ತು ದಾಟಿದ ಮೇಲೆ. ಯಾವ ಕಲಾಶಾಲೆಯಲ್ಲೂ ಕಲಿಯದ ಅವರ ಚಿತ್ರಗಳ ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ನಮ್ಮವರೇ ಆದ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಂದು ದಶಕಗಳನ್ನು ಕಳೆದು, ಐವತ್ತರ ನಂತರ ಮತ್ತೆ ಪೂರ್ಣವಾಗಿ ಕುಂಚಕ್ಕೆ ಮರಳಿ ಬೆಂಗಳೂರಿನ ಹೂಮರಗಳನ್ನು ಚಿತ್ರಿಸಿದರು. ರುಮಾಲೆಯವರಿಗೆ ಎಳವೆಯ ತರಬೇತಿ ಇತ್ತು ಎಂಬುದು ನಿಜ. ಆದರೆ 34 ವರ್ಷ ಪ್ರಮಾಣ, ಅಂತರ, ಕೋನಗಳನ್ನು ಅಳೆದ ಕಣ್ಣು ನಿಮ್ಮದು. ನಿಮ್ಮ ಕೆರೆಯ ದಂಡೆ, ಮೆಟ್ಟಿಲು, ದೂರದ ಕಟ್ಟಡಗಳು ಇರಬೇಕಾದ ಜಾಗದಲ್ಲೇ ಇವೆ. ಹೊಸಬರು ಎಡವುವುದು ಸಾಮಾನ್ಯವಾಗಿ ಅಲ್ಲಿ. ನೀವು ಎಡವುತ್ತಿರುವುದು ಬೇರೆ ಕಡೆ.

ಮೊದಲ ತೊಡಕು ಹಾಳೆ. ಮಕ್ಕಳ ಡ್ರಾಯಿಂಗ್ ಪುಸ್ತಕದ ಹಾಳೆ ಪೆನ್ಸಿಲ್ಲಿಗೂ ಕ್ರೇಯಾನಿಗೂ ಮಾಡಿದ್ದು, ತೆಳುವಾದದ್ದು. ಕಾಗದವೆಂದರೆ ನಾರಿನ ಹೆಣಿಗೆ. ನೀರು ಕುಡಿದಾಗ ನಾರು ಉಬ್ಬುತ್ತದೆ, ಒದ್ದೆಯಾದ ಕಡೆ ಹಿಗ್ಗಿ ಒಣಗಿದ ಕಡೆ ಹಿಗ್ಗದಿದ್ದಾಗ ಹಾಳೆ ಹಪ್ಪಳವಾಗುತ್ತದೆ, ಬಣ್ಣ ಆ ಗುಂಡಿಗಳಲ್ಲಿ ನಿಲ್ಲುತ್ತದೆ. ಜಲವರ್ಣದ ಕಾಗದ ದಪ್ಪವಾಗಿರುವುದಷ್ಟೇ ಅಲ್ಲ, ಅದಕ್ಕೆ ಜೆಲಾಟಿನ್‌ನಂಥ ಅಂಟಿನ ಸಂಸ್ಕಾರ ಆಗಿರುತ್ತದೆ. ಆ ಅಂಟು ನೀರನ್ನು ಸ್ವಲ್ಪ ಹೊತ್ತು ಮೇಲೆಯೇ ತಡೆದು ನಿಲ್ಲಿಸುವುದರಿಂದ ಬಣ್ಣ ಹರಿಯಲು, ಬೆರೆಯಲು, ಹದವಾಗಿ ಕೂರಲು ಸಮಯ ಸಿಗುತ್ತದೆ. ಆ ಸಂಸ್ಕಾರ ಇಲ್ಲದ ಹಾಳೆಯಲ್ಲಿ ಬಣ್ಣ ಬಿದ್ದ ತಕ್ಷಣ ಇಂಗುತ್ತದೆ, ಮಂಕಾಗಿ ಕಾಣುತ್ತದೆ. ಮಂಕಾಯಿತೆಂದು ಮತ್ತೆ ಕುಂಚ ಆಡಿಸಿದರೆ ನಾರು ಎದ್ದು ಬಣ್ಣದೊಳಗೆ ಬೆರೆಯುತ್ತದೆ. ನಿಮ್ಮ ಎರಡನೆಯ ಚಿತ್ರದ ನೀರಿನಲ್ಲಿ ಕಾಣುವ ಸಣ್ಣ ಸಣ್ಣ ಗಂಟುಗಳು ಬಣ್ಣದವಲ್ಲ, ಎದ್ದ ಕಾಗದದ ನಾರು. ಎಷ್ಟೇ ಅನುಭವವಿದ್ದವರೂ ಆ ಹಾಳೆಯ ಮೇಲೆ ತಿಳಿಯಾದ ಕೆರೆಯನ್ನು ಬಿಡಿಸಲಾರರು.

ಎರಡನೆಯದು, ತಿದ್ದುವ ರೂಢಿ. ಇದನ್ನು ದೋಷವೆಂದು ಹೇಳುತ್ತಿಲ್ಲ. ನಿಮ್ಮ ಉದ್ಯೋಗದಲ್ಲಿ ಅದೇ ಗುಣವಾಗಿತ್ತು. ಆದರೆ ಜಲವರ್ಣ ಅರ್ಧ ಕೆಲಸವನ್ನು ನೀವು ಕುಂಚ ಎತ್ತಿದ ಮೇಲೆ ತಾನೇ ಮಾಡಿಕೊಳ್ಳುತ್ತದೆ. ನುಣ್ಣಗೆ ಅರೆದ ಬಣ್ಣದ ಪುಡಿ ಮತ್ತು ಅಕೇಶಿಯ ಜಾತಿಯ ಮರದ ಅಂಟು ನೀರಿನಲ್ಲಿ ಕದಡಿರುತ್ತವೆ; ನೀರು ಆರುತ್ತ ಬಂದಂತೆ ಪುಡಿ ಕಾಗದದ ತಗ್ಗುಗಳಲ್ಲಿ ಕೂರುತ್ತದೆ. ಕೂರುವ ಹೊತ್ತಿಗೆ ಕೆದಕಿದರೆ ಅದು ಮತ್ತೆಂದೂ ಹಾಗೆ ಕೂರುವುದಿಲ್ಲ. ಆದ್ದರಿಂದ ಯಾವಾಗ ಮುಟ್ಟಬಹುದು, ಯಾವಾಗ ಮುಟ್ಟಬಾರದು ಎಂಬುದನ್ನು ಹಾಳೆಯ ಹೊಳಪಿನಿಂದ ಗುರುತಿಸಲು ಕಲಿಯಿರಿ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಇನ್ನೂ ಬಣ್ಣ ಸೇರಿಸಬಹುದು. ಹೊಳಪು ಮಾಸುತ್ತ ರೇಷ್ಮೆಯಂತಾದಾಗ ಕುಂಚದಲ್ಲಿ ಬಣ್ಣ ಗಟ್ಟಿಯಾಗಿ, ನೀರು ಕಡಿಮೆಯಾಗಿ ಇದ್ದರೆ ಮಾತ್ರ ಮುಟ್ಟಬಹುದು; ಆ ಹೊತ್ತಿನಲ್ಲಿ ಹೆಚ್ಚು ನೀರು ಬಿದ್ದರೆ ಅದು ಕೂರುತ್ತಿರುವ ಪುಡಿಯನ್ನು ಅಂಚಿಗೆ ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಹೊಳಪು ಪೂರ್ತಿ ಹೋದ ಮೇಲೂ ಹಾಳೆ ಒಣಗಿದೆ ಎಂದು ನಂಬಬೇಡಿ. ಅಂಗೈಯ ಹಿಂಬದಿಯನ್ನು ಮೆಲ್ಲಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ, ಎದ್ದು ಹೋಗಿ ಚಹಾ ಮಾಡಿಕೊಂಡು ಬನ್ನಿ.

ಈ ಕಾಯುವ ಹೊತ್ತು ನಮ್ಮ ಭಾಗದಲ್ಲಿ ಋತುವಿನಿಂದ ಋತುವಿಗೆ ಬಹಳ ಬದಲಾಗುತ್ತದೆ, ಇದನ್ನು ಯಾವ ವಿಡಿಯೊ ಹೇಳುವುದಿಲ್ಲ. ಏಪ್ರಿಲ್ಲಿನ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತರೆ ಆಕಾಶದ ಬಲ ತುದಿಗೆ ಬರುವಷ್ಟರಲ್ಲಿ ಎಡ ತುದಿ ಒಣಗಿ ಗಡುಸಾದ ಅಂಚು ಮೂಡಿರುತ್ತದೆ. ಜುಲೈಯಲ್ಲಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದೇ ಲೇಪ ಅರ್ಧ ಗಂಟೆಯಾದರೂ ಆರದೆ ಕೂತಿರುತ್ತದೆ. ತಂಪು ದೇಶದ ಕಲಾವಿದರು ವಿಡಿಯೊದಲ್ಲಿ ‘ಸ್ವಲ್ಪ ಕಾಯಿರಿ’ ಎಂದು ಹೇಳುವಷ್ಟರಲ್ಲಿ ನಿಮ್ಮ ಹಾಳೆ ಒಣಗಿ ಹೋಗಿರುತ್ತದೆ. ನೀವು ಅವರನ್ನು ಅನುಸರಿಸಿ ಒಣಗಿದ್ದರ ಮೇಲೆ ತಿಕ್ಕುತ್ತೀರಿ. ಬೇಸಿಗೆಯಲ್ಲಿ ಬೆಳಗಿನ ಹೊತ್ತು, ಫ್ಯಾನ್ ಆರಿಸಿ ಕೂರಿ. ಬೇಕಿದ್ದರೆ ಬಣ್ಣ ಕಲಸುವ ನೀರಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಎರಡು ಹನಿ ಹಾಕಿದರೆ ಒಣಗುವುದು ನಿಧಾನವಾಗುತ್ತದೆ. ಮಳೆಗಾಲದಲ್ಲಿ ಗ್ಲಿಸರಿನ್ ಬೇಡ, ಬಣ್ಣದ ಡಬ್ಬಿಯನ್ನು ಪೂರ್ತಿ ಒಣಗಿಸಿಯೇ ಮುಚ್ಚಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಮೂರನೆಯದು ಆ 24 ಬಣ್ಣಗಳು. ಬಣ್ಣ ಹೆಚ್ಚಿದ್ದಷ್ಟು ಚಿತ್ರ ಚೆನ್ನಾಗುತ್ತದೆ ಎಂಬ ನಂಬಿಕೆ ಅಂಗಡಿಗೆ ಲಾಭ, ಕಲಿಯುವವರಿಗೆ ನಷ್ಟ. ಮೂರಕ್ಕಿಂತ ಹೆಚ್ಚು ಬಣ್ಣಗಳನ್ನು ಒಟ್ಟಿಗೆ ಕಲಸಿದರೆ ಬಹುತೇಕ ಕೆಸರೇ ಬರುತ್ತದೆ, ಅದಕ್ಕೆ ಬಿಳಿ ಸೇರಿಸಿದರೆ ಸುಣ್ಣ ಬೆರೆತ ಕೆಸರು. ಜಲವರ್ಣದಲ್ಲಿ ಬಿಳುಪು ಎಂದರೆ ಬಣ್ಣ ಹಚ್ಚದೆ ಉಳಿಸಿದ ಕಾಗದ. ಮೊದಲ ಆರು ತಿಂಗಳು ಆರು ಟ್ಯೂಬು ಸಾಕು: ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಬ್ಲೂ, ಲೆಮನ್ ಯೆಲ್ಲೋ, ಯೆಲ್ಲೋ ಆಕರ್ (ಮಣ್ಣಿನ ಹಳದಿ), ಪರ್ಮನೆಂಟ್ ರೋಸ್ ಮತ್ತು ಬರ್ಂಟ್ ಸಿಯೆನಾ (ಕೆಂಪು ಮಿಶ್ರಿತ ಕಂದು). ಇವುಗಳಲ್ಲಿ ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನಾದ ಜೋಡಿ ನಮ್ಮ ನೆಲಕ್ಕೆಂದೇ ಹುಟ್ಟಿದಂತಿದೆ. ಬರ್ಂಟ್ ಸಿಯೆನಾ ಒಂದನ್ನೇ ತೆಳುವಾಗಿ ಹಚ್ಚಿದರೆ ಮಸಾರಿ ಹೊಲ. ಅದಕ್ಕೆ ಅಲ್ಟ್ರಾಮರೀನ್ ಏರಿಸುತ್ತ ಹೋದರೆ ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯ ಎರೆ ಭೂಮಿ, ಮಳೆ ಬಿದ್ದ ಮರುದಿನ ಕಾಣುವ ಹಾಗೆ ಕಪ್ಪಾಗಿ, ಆದರೆ ಸತ್ತ ಕಪ್ಪಲ್ಲದೆ, ಒಳಗೆ ನೀಲಿ ಇಟ್ಟುಕೊಂಡು ಮೂಡುತ್ತದೆ. ನೀರು ಹೆಚ್ಚಿಸಿದರೆ ಮಳೆಮೋಡ. ಒಂದಿಷ್ಟು ಆಕರ್ ಸೇರಿಸಿದರೆ ಲಕ್ಕುಂಡಿಯ ಗುಡಿಗಳ ಹಸಿರುಬೂದು ಕಲ್ಲು. ನಿಮ್ಮ ಡಬ್ಬಿಯಲ್ಲಿರುವ ಕಪ್ಪನ್ನು ಮುಟ್ಟದೆ ಒಂದು ತಿಂಗಳು ಇದ್ದು ನೋಡಿ. ನೀರಿಗೆ ಎರಡು ಗ್ಲಾಸು ಇಡಿ, ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣಕ್ಕೆ.

ಇನ್ನು ಕಣ್ಣಿನ ಸಂಗತಿ. ನಾನು ವೈದ್ಯನಲ್ಲ, ಆದರೆ ನನ್ನಲ್ಲಿ ಕಲಿಯಲು ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರವತ್ತು ದಾಟಿದವರಾದ್ದರಿಂದ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪೊರೆ ಬಂದ ಮಸೂರ ಹಳದಿಗಟ್ಟುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ತೆಗೆದ ಕಣ್ಣಿಗೆ ನೀಲಿ ಮತ್ತೆ ತೀಕ್ಷ್ಣವಾಗಿ ಕಾಣುತ್ತದೆ. ಬೆಳ್ಳಗಿನ ಧೋತರವನ್ನು ಬೆಳಕಿನಲ್ಲಿ ಹರವಿ ಒಂದೊಂದೇ ಕಣ್ಣು ಮುಚ್ಚಿ ನೋಡಿ: ಬಲಗಣ್ಣಿಗೆ ತಂಪು ಬಿಳುಪು, ಎಡಗಣ್ಣಿಗೆ ಚಹಾದ ಕಲೆ ಬಿದ್ದ ಬಿಳುಪು ಕಂಡೀತು. ಅಂದರೆ ಸದ್ಯ ನಿಮ್ಮ ಎರಡು ಕಣ್ಣುಗಳು ಒಂದೇ ಕೆರೆಯ ಬಗ್ಗೆ ಎರಡು ಸಾಕ್ಷಿ ಹೇಳುತ್ತಿವೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಅವರಿಗೆ ಪೊರೆ ಇರುವುದು 1912ರಲ್ಲಿ ಗೊತ್ತಾಯಿತು, ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆದದ್ದು 1923ರಲ್ಲಿ. ನಡುವಿನ ವರ್ಷಗಳ ಅವರ ಹಲವು ಚಿತ್ರಗಳು ಕೆಂಪು ಕಂದಿಗೆ ವಾಲಿವೆ. ಆ ದಿನಗಳಲ್ಲಿ ಅವರು ಟ್ಯೂಬಿನ ಮೇಲಿನ ಹೆಸರನ್ನೂ ತಾಟಿನಲ್ಲಿ ಬಣ್ಣ ಇಡುವ ಕ್ರಮವನ್ನೂ ನೆಚ್ಚಿಕೊಂಡಿದ್ದರು. ನೀವೂ ಹಾಗೆಯೇ ಮಾಡಿ. ತಾಟಿನಲ್ಲಿ ಪ್ರತಿ ಬಣ್ಣಕ್ಕೂ ಒಂದೇ ಜಾಗ ಗೊತ್ತುಮಾಡಿ, ಕಲಸಿದ ಬಣ್ಣವನ್ನು ಮೊದಲು ಬೇರೆ ಚೂರಿನ ಮೇಲೆ ಹಚ್ಚಿ ಒಣಗಿಸಿ ನೋಡಿ, ಬಲ್ಬಿನ ಬೆಳಕಿಗಿಂತ ಬಡಗು ಕಿಟಕಿಯ ಹಗಲು ಬೆಳಕನ್ನು ನಂಬಿ. ಎರಡನೆಯ ಶಸ್ತ್ರಚಿಕಿತ್ಸೆ ಆಗುವವರೆಗೆ ಹಳೆಯ ಚಿತ್ರಗಳ ಬಣ್ಣ ‘ತಪ್ಪು’ ಎಂದು ತಿದ್ದಲು ಹೋಗಬೇಡಿ. ಇನ್ನೊಂದು ಮಾತು: ಓದುವ ಕನ್ನಡಕ ಪುಸ್ತಕದ ದೂರಕ್ಕೆ ಇರುತ್ತದೆ, ಚಿತ್ರದ ಫಳಿ, ಅಂದರೆ ಹಾಳೆ ಬಿಗಿಯುವ ಹಲಗೆ, ಅದಕ್ಕಿಂತ ಆಚೆ, ಹೆಚ್ಚುಕಡಿಮೆ ತೋಳಳತೆಯಲ್ಲಿ ಇರುತ್ತದೆ. ಆ ದೂರವನ್ನು ಟೇಪಿನಿಂದ ಅಳೆದುಕೊಂಡು ಹೋಗಿ ಕಣ್ಣಿನ ವೈದ್ಯರಿಗೆ ಹೇಳಿದರೆ ಅದಕ್ಕೆ ತಕ್ಕ ಕನ್ನಡಕ ಬರೆದುಕೊಡುತ್ತಾರೆ. ಬಾಗಿ ಬಾಗಿ ಕುತ್ತಿಗೆ ನೋಯಿಸಿಕೊಂಡು, ಅದನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡವರನ್ನು ನಾನು ನೋಡಿದ್ದೇನೆ.

ಕೈ ನಡುಕವನ್ನು ಒಮ್ಮೆ ವೈದ್ಯರಿಗೆ ತೋರಿಸಿಬಿಡಿ, ಅದರಲ್ಲೂ ಅದು ಹೊಸದಾಗಿದ್ದರೆ, ಹೆಚ್ಚುತ್ತಿದ್ದರೆ, ಅಥವಾ ಕೈ ಸುಮ್ಮನಿದ್ದಾಗಲೂ ಕಂಡರೆ. ಚಿತ್ರದ ಮಟ್ಟಿಗೆ ಹೇಳುವುದಾದರೆ, ಅದು ನಿಮ್ಮನ್ನು ಕಾಡುತ್ತಿರುವುದು ಸಣ್ಣ ಕುಂಚವನ್ನು ಪೆನ್ನಿನಂತೆ ತುದಿಯಲ್ಲಿ ಬಿಗಿಯಾಗಿ ಹಿಡಿದಿರುವುದರಿಂದ. 10 ಅಥವಾ 12ನೆಯ ನಂಬರಿನ ದುಂಡು ಕುಂಚ ತೆಗೆದುಕೊಂಡು, ಹಿಡಿಯ ನಡುಭಾಗದಲ್ಲಿ ಸಡಿಲವಾಗಿ ಹಿಡಿದು, ಬೆರಳಿನಿಂದಲ್ಲದೆ ಮೊಣಕೈಯಿಂದ ಆಡಿಸಿ. ಒಳ್ಳೆಯ ಕುಂಚ ಎಷ್ಟು ದಪ್ಪಗಿದ್ದರೂ ಒದ್ದೆಯಾದಾಗ ಅದರ ತುದಿ ಸೂಜಿಯಾಗುತ್ತದೆ. ಸಣ್ಣ ಕೆಲಸಕ್ಕೆ ಮುಂಗೈಯನ್ನು ಮೇಜಿನ ಮೇಲೆ ಊರಿ. ನನ್ನಲ್ಲಿಗೆ ಬರುವ ನಿವೃತ್ತ ಶಿಕ್ಷಕಿಯೊಬ್ಬರಿಗೆ ನಿಮಗಿಂತ ಹೆಚ್ಚು ನಡುಕವಿದೆ. ಅವರು ಬಿಡಿಸುವ ಬೇವಿನ ಟೊಂಗೆಗಳಲ್ಲಿರುವ ಜೀವ ಸ್ಥಿರವಾದ ಕೈಯವರ ಟೊಂಗೆಗಳಲ್ಲಿ ಇಲ್ಲ; ಬೇವಿನ ಟೊಂಗೆ ನೇರವಾಗಿ ಬೆಳೆಯುವುದಿಲ್ಲವಲ್ಲ.

ತಿದ್ದಲು ಬರುವುದೇ ಇಲ್ಲ ಎಂಬ ಮಾತು ಅರ್ಧ ಸತ್ಯ. ಪೂರ್ತಿ ಒಣಗಿದ ಮೇಲೆ, ಸ್ವಚ್ಛವಾದ ಒದ್ದೆ ಕುಂಚದಿಂದ ಮೆಲ್ಲಗೆ ಸವರಿ ಹತ್ತಿಯ ಅರಿವೆಯಿಂದ ಒತ್ತಿ ತೆಗೆದರೆ ಅಲ್ಟ್ರಾಮರೀನ್, ಆಕರ್, ಬರ್ಂಟ್ ಸಿಯೆನಾ ತಕ್ಕಮಟ್ಟಿಗೆ ಎದ್ದು ಬರುತ್ತವೆ. ಥ್ಯಾಲೋ ಬ್ಲೂ ಮಾತ್ರ ಕಾಗದವನ್ನು ಕಚ್ಚಿ ಹಿಡಿಯುತ್ತದೆ, ಅದನ್ನು ಕಡಿಮೆ ಬಳಸಿ.

ಅಕ್ರಿಲಿಕ್‌ಗೆ ಹೋದರೆ ಏನಾಗುತ್ತದೆ? ಒಂದರ ಮೇಲೊಂದು ಹಚ್ಚಿ ಮುಚ್ಚಬಹುದು, ಅದು ನಿಜವಾದ ಅನುಕೂಲ. ಆದರೆ ಒಣಗಿದ ಅಕ್ರಿಲಿಕ್ ಮತ್ತೆ ನೀರಿಗೆ ಕರಗುವುದಿಲ್ಲ; ನಮ್ಮ ಬೇಸಿಗೆಯಲ್ಲಿ ಅದು ತಾಟಿನಲ್ಲೇ ಗಟ್ಟಿಯಾಗುತ್ತದೆ, ತೊಳೆಯಲು ಮರೆತ ಕುಂಚ ಅಂದೇ ಹಾಳು. ಅದಕ್ಕಿಂತ ಮುಖ್ಯವಾಗಿ, ನಿಮಗೆ ಬೇಕಾದದ್ದು ಕೆರೆಯ ತಿಳಿಬೆಳಕು ಎಂದು ನಿಮ್ಮ ಎಂಟು ಪ್ರಯತ್ನಗಳೇ ಹೇಳುತ್ತಿವೆ. ಮುಚ್ಚುವ ಬಣ್ಣವೇ ಬೇಕೆನಿಸಿದರೆ ಗ್ವಾಶ್ ಎಂಬ ಅಪಾರದರ್ಶಕ ಜಲವರ್ಣ ಇದೆ, ಜಲವರ್ಣದ ಕುಂಚ ಕಾಗದಗಳೇ ಅದಕ್ಕೂ ನಡೆಯುತ್ತವೆ. ಅದರ ತೊಡಕೆಂದರೆ ಒಣಗಿದಾಗ ಗಾಢ ಬಣ್ಣ ತಿಳಿಯಾಗುತ್ತದೆ, ತಿಳಿಬಣ್ಣ ಗಾಢವಾಗುತ್ತದೆ. ತೈಲವರ್ಣಕ್ಕೆ ಟರ್ಪೆಂಟೈನ್ ವಾಸನೆ, ಗಾಳಿಯಾಡುವ ಕೋಣೆ. ಮಗುವಿರುವ ಮನೆಯಲ್ಲಿ ಬೇಡ.

ನಿಮಗೆ ನಾನು ಹೇಳುವ ದಾರಿ ಬೇರೆಯದು: ನೀರಿಗೆ ಕರಗದ ಶಾಯಿಯ ಗೆರೆ ಮತ್ತು ಅದರ ಮೇಲೆ ತೆಳುವಾದ ಜಲವರ್ಣ. ಗೆರೆ ನಿಮ್ಮ ಕೈಯ ಮಾತೃಭಾಷೆ. ಆಕಾರದ ಭಾರವನ್ನು ಅದು ಹೊತ್ತರೆ ಬಣ್ಣವನ್ನು ಒಂದೇ ಸಲಕ್ಕೆ ಹಚ್ಚಿ ಬಿಡುವ ಧೈರ್ಯ ಬರುತ್ತದೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯನ್ನು ಹೀಗೆ ಬಿಡಿಸಿ ನೋಡಿ. ಇದರಲ್ಲೂ ಅಪಾಯವಿದೆ: ಗೆರೆಗಳ ನಡುವಿನ ಖಾಲಿ ಜಾಗಗಳನ್ನು ತುಂಬುತ್ತ ಕೂರುವ ಅಭ್ಯಾಸವಾಗಿಬಿಡಬಹುದು. ಅದಕ್ಕೆಂದು ವಾರದಲ್ಲಿ ಎರಡು ದಿನ ಗೆರೆಯಿಲ್ಲದೆ ಬರೀ ಆಕಾಶ ಮಾಡಿ. ತಟ್ಟೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಣ್ಣ ಕಲಸಿಟ್ಟುಕೊಳ್ಳಿ, ಫಳಿಯ ಮೇಲ್ತುದಿಗೆ ಒಂದು ದಪ್ಪ ಪುಸ್ತಕ ಇಟ್ಟು ಓರೆ ಮಾಡಿ, ಮೇಲಿನಿಂದ ಅಡ್ಡಡ್ಡ ಎಳೆಯುತ್ತ ಬನ್ನಿ. ಪ್ರತಿ ಎಳೆತದ ಕೆಳ ಅಂಚಿನಲ್ಲಿ ನೀರಿನ ಮಣಿಸಾಲು ನಿಂತಿರಬೇಕು, ಮುಂದಿನ ಎಳೆತ ಅದನ್ನು ಕೆಳಗೆ ಕರೆದೊಯ್ಯಬೇಕು. ಕೊನೆಯ ಸಾಲನ್ನು ಹಿಂಡಿದ ಕುಂಚದಿಂದ ಎತ್ತಿ, ಕುಂಚ ಕೆಳಗಿಟ್ಟು, ಕುರ್ಚಿಯಿಂದ ಎದ್ದುಬಿಡಿ. ಎದ್ದುಬಿಡುವುದೂ ಅಭ್ಯಾಸದ ಭಾಗವೇ.

ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ, ಟಿ.ಪಿ. ಅಕ್ಕಿಯವರು ಗದಗಿನಲ್ಲಿ ಕಲಾಶಾಲೆ ಕಟ್ಟಿದ ನಾಡು ಇದು; ಅವರ ಪರಂಪರೆಯಲ್ಲಿ ಕಲಿತ ಚಿತ್ರಕಲಾ ಶಿಕ್ಷಕರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ನಿಮಗೆ ಪದವಿ ಬೇಕಿಲ್ಲ, ವಾರಕ್ಕೊಮ್ಮೆ ನಿಮ್ಮ ಎದುರಿಗೇ ಬಿಡಿಸಿ ತೋರಿಸುವವರು ಒಬ್ಬರು ಬೇಕು. ಫೋಟೊ ಕೊಟ್ಟು ನಕಲು ಮಾಡಿಸುವ ತರಗತಿಯಾದರೆ ಬಿಡಿ.

ಹಣದ ಬಹುಪಾಲು ಕಾಗದಕ್ಕೆ ಹೋಗಲಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ‘ಕೋಲ್ಡ್ ಪ್ರೆಸ್’ ಎಂದು ಬರೆದಿರುವ, ಅಂದರೆ ಮೇಲ್ಮೈ ತುಸು ತರಿತರಿಯಾಗಿರುವ, ಸಾಧ್ಯವಾದರೆ ಶೇಕಡ 100 ಹತ್ತಿಯ ಕಾಗದ ಕೇಳಿ. 22×30 ಅಂಗುಲದ ಪೂರ್ಣ ಹಾಳೆಯನ್ನು ಎಂಟಾಗಿ ಕತ್ತರಿಸಿದರೆ 7.5×11 ಅಂಗುಲದ ಎಂಟು ತುಂಡು, ಎರಡೂ ಬದಿ ಬಳಸಿದರೆ ಹದಿನಾರು ಅಭ್ಯಾಸ. ನಾಲ್ಕು ಅಂಚಿಗೂ ಮಾಸ್ಕಿಂಗ್ ಟೇಪ್ ಹಚ್ಚಿ ಫಳಿಗೆ ಬಿಗಿದರೆ ಉಬ್ಬುವುದು ಬಹಳ ಕಡಿಮೆಯಾಗುತ್ತದೆ. ಬಣ್ಣಕ್ಕೆ ವಿದ್ಯಾರ್ಥಿ ದರ್ಜೆಯ ಟ್ಯೂಬು ಸದ್ಯಕ್ಕೆ ಸಾಕು. ಒಳ್ಳೆಯ ಕಾಗದದ ಮೇಲೆ ಸಾಧಾರಣ ಬಣ್ಣ ನಡೆಯುತ್ತದೆ, ಸಾಧಾರಣ ಕಾಗದದ ಮೇಲೆ ಎಷ್ಟು ದುಬಾರಿ ಬಣ್ಣವೂ ನಡೆಯುವುದಿಲ್ಲ.

ಮೊಮ್ಮಗಳ ಬಗ್ಗೆ ನಿಮಗಿರುವ ಎಚ್ಚರ ಸರಿಯಾದದ್ದು. ಕ್ಯಾಡ್ಮಿಯಂ, ಕೋಬಾಲ್ಟ್ ಹೆಸರಿನ ಅಸಲಿ ಬಣ್ಣಗಳು ಹೊಟ್ಟೆಗೆ ಹೋದರೆ, ಒಣ ಪುಡಿ ಉಸಿರಿಗೆ ಸೇರಿದರೆ ಹಾನಿ. ಮೇಲೆ ಹೇಳಿದ ಆರರಲ್ಲಿ ಅವು ಇಲ್ಲ. ಆದರೂ ಕುಂಚದ ತುದಿಯನ್ನು ಬಾಯಿಯಿಂದ ಚೂಪು ಮಾಡುವ ಅಭ್ಯಾಸ ನಿಮಗೂ ಬೇಡ, ಅವಳಿಗೂ ಬೇಡ. ಬಣ್ಣದ ನೀರಿಗೆ ಅಡುಗೆಮನೆಯ ಲೋಟ ತರಬೇಡಿ. ಅವಳಿಗೆ ಮಕ್ಕಳ ಬಣ್ಣದ ಡಬ್ಬಿಯನ್ನೂ, ನಿಮ್ಮ ಈಗಿನ ಡ್ರಾಯಿಂಗ್ ಪುಸ್ತಕವನ್ನೂ ಕೊಟ್ಟುಬಿಡಿ; ಆ ಪುಸ್ತಕ ಇರಬೇಕಾದ ಜಾಗ ಅದೇ.

ನಿಮ್ಮ ಬ್ಲೇಡನ್ನು ಮಾತ್ರ ಎಸೆಯಬೇಡಿ. ಹೊಸ ಕಾಗದದ ಮೇಲೆ ಕೆರೆಯನ್ನು ಒಂಬತ್ತನೆಯ ಸಲ ಬಿಡಿಸಿ, ಒಂದು ರಾತ್ರಿ ಪೂರ್ತಿ ಒಣಗಲು ಬಿಟ್ಟು, ಮರುದಿನ ಬೆಳಿಗ್ಗೆ ಬ್ಲೇಡಿನ ಮೂಲೆಯಿಂದ ನೀರಿನ ಮೇಲೆ ಅಡ್ಡಡ್ಡವಾಗಿ, ಟ್ರೇಸಿಂಗ್ ಹಾಳೆಯ ಮೇಲೆ ಎಷ್ಟು ಹಗುರವಾಗಿ ಕೆರೆಯುತ್ತಿದ್ದಿರೋ ಅಷ್ಟೇ ಹಗುರವಾಗಿ, ಐದಾರು ಗೀರು ಎಳೆಯಿರಿ. ಬಣ್ಣದ ತೆಳುಪದರ ಎದ್ದು ಕೆಳಗಿನ ಬಿಳಿ ಕಾಗದ ಕಾಣುತ್ತದೆ. ಸಂಜೆಯ ಬಿಸಿಲಿಗೆ ಉಣಕಲ್ಲಿನ ಅಲೆ ಮಿಂಚುವುದನ್ನು ಜಲವರ್ಣದವರು ಹೀಗೆಯೇ ತರುತ್ತಾರೆ. ಆ ಚಿತ್ರವನ್ನು ನನಗೆ ಕಳಿಸಿ.